ಹೆಣ್ಣು ಕೊಡದ ಮಾವ

ಕಾಮಯಗೌಂಡನ್‌ಪಟ್ಟಿ ಎಂಬ ಹೆಸರನ್ನು ತಮಿಳಿನವರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಕನ್ನಡದ ಕಿವಿಗೆ ಮಾತ್ರ ಅದರೊಳಗೆ ಒಬ್ಬ ಕಾಮಯ್ಯ ಗೌಡ ಕೂತಿರುವಂತೆ ಕೇಳಿಸುತ್ತದೆ. ಇದು ಬರೀ ಕಿವಿಯ ಚಪಲವಲ್ಲ. ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ, ಏಲಕ್ಕಿ ಬೆಟ್ಟಗಳ ತಪ್ಪಲಲ್ಲಿ, ಭತ್ತ, ತೆಂಗು, ಪನ್ನೀರು ದ್ರಾಕ್ಷಿ ಬೆಳೆಯುವ ಊರುಗಳಲ್ಲಿ ಕಾಪ್ಪಿಲಿಯರ್ ಎಂದೂ ಒಕ್ಕಲಿಗರ್ ಎಂದೂ ಕರೆಸಿಕೊಳ್ಳುವ ಬೇಸಾಯಗಾರರಿದ್ದಾರೆ. ಅವರ ಮನೆಮಾತು ಕನ್ನಡ. ಓದು ಬರಹವೆಲ್ಲ ತಮಿಳು; ಕನ್ನಡದ ಅಕ್ಷರ ಅವರಿಗೆ ಗೊತ್ತಿಲ್ಲ, ಗೊತ್ತಿರಬೇಕಾದ ಅಗತ್ಯವೂ ಬಂದಿಲ್ಲ. ಅದೇ ಕಣಿವೆಯ ಕಂಬಂ, ಉತ್ತಮಪಾಳಯದಂಥ ಪೇಟೆಗಳಲ್ಲಿ ರಾವುತ್ತರ್ ಎಂಬ ಮುಸಲ್ಮಾನರ ದೊಡ್ಡ ವಸತಿಗಳಿವೆ. ಅವರ ಮನೆಮಾತು ಉರ್ದು ಅಲ್ಲ, ತಮಿಳು. ಅಂದರೆ ಇಲ್ಲಿ ಹಿಂದೂ ರೈತನ ಒಲೆಯ ಮುಂದಿನ ಮಾತು ಹೊರಗಿನದು, ಮುಸಲ್ಮಾನ ವ್ಯಾಪಾರಿಯದು ನೆಲದ್ದು. ಯಾರು ಒಳಗಿನವರು, ಯಾರು ಹೊರಗಿನವರು ಎಂದು ಎರಡು ಗೆರೆ ಎಳೆದು ತೀರ್ಪು ಕೊಡುವವರಿಗೆ ಈ ಕಣಿವೆ ಬಲು ಕಿರಿಕಿರಿಯ ಜಾಗ. ನನಗೆ ಅದಕ್ಕೇ ಇಷ್ಟ.

ರಾವುತ್ತರ್ ಎಂಬ ಹೆಸರೂ ನಮಗೆ ಹೊಸದಲ್ಲ. ಕುಮಾರವ್ಯಾಸನನ್ನು ತೆರೆದರೆ ಯುದ್ಧದ ಪುಟಪುಟದಲ್ಲೂ ಮಾವುತರ ಜೊತೆಗೆ ರಾವುತರು ಸಿಗುತ್ತಾರೆ. ಆನೆಯವನು ಮಾವುತ, ಕುದುರೆಯವನು ರಾವುತ. ಸಂಸ್ಕೃತದ ‘ರಾಜಪುತ್ರ’ ಪ್ರಾಕೃತದ ಬಾಯಲ್ಲಿ ಸವೆದು ಹುಟ್ಟಿದ ಮಾತಿದು; ಅದಕ್ಕೆ ಮತವಿರಲಿಲ್ಲ, ಕುದುರೆಯಿತ್ತು. ದಕ್ಷಿಣದಲ್ಲಿ ಕುದುರೆ ಪಳಗಿಸುವ, ಮಾರುವ, ಏರುವ ಕಸುಬು ಹೆಚ್ಚಾಗಿ ಮುಸಲ್ಮಾನರ ಕೈಗೆ ಬಂದ ಮೇಲೆ ಹೆಸರೂ ಅವರ ಜೊತೆ ಹೋಯಿತು. ಹೋದರೂ ಹಿಂದಿನ ಮನೆಯ ಹಂಗು ಬಿಡಲಿಲ್ಲ: ಹದಿನೈದನೇ ಶತಮಾನದ ಅರುಣಗಿರಿನಾಥರು ‘ಕಂದರಲಂಕಾರ’ದಲ್ಲಿ ನವಿಲೇರಿದ ಮುರುಗನನ್ನೇ ರಾವುತ ಎಂದು ಕರೆದುಬಿಟ್ಟಿದ್ದಾರೆ. ಇಂದು ಸುರುಳಿ ಜಲಪಾತದ ಬಳಿ ಅದೇ ಮುರುಗ ವೇಲಪ್ಪರ್ ಆಗಿ ಗುಡಿಯಲ್ಲಿದ್ದಾನೆ. ಅಲ್ಲೇ ಮಸ್ತಾನರ ದರ್ಗಾವೂ ಇದೆ. ಎರಡು ಕಡೆಯ ಭಕ್ತರೂ ಒಂದೇ ನೀರಿನಲ್ಲಿ ತಲೆ ಒದ್ದೆ ಮಾಡಿಕೊಳ್ಳುತ್ತಾರೆ.

ಆದರೆ ಈ ಕಣಿವೆಯ ಕನ್ನಡಿಗರು ತಮ್ಮ ಬಗ್ಗೆ ಹೇಳಿಕೊಳ್ಳುತ್ತ ಬಂದ ಕಥೆ ಇಷ್ಟು ಹಿತವಾದದ್ದಲ್ಲ. 1909ರಲ್ಲಿ ಎಡ್ಗರ್ ಥರ್ಸ್ಟನ್ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಆ ಕಥೆ ದಾಖಲಾಗಿದೆ: ತಾವು ತುಂಗಭದ್ರೆಯ ದಂಡೆಯವರು, ಮುಸಲ್ಮಾನರ ಕಾಟ ತಾಳಲಾರದೆ ತೆಂಕಣಕ್ಕೆ ಬಂದವರು. ಜೊತೆಯಲ್ಲಿ ವಲಸೆ ಬಂದ ತೊಟ್ಟಿಯರ ಕಥೆಯಲ್ಲಿ ತುಂಬಿದ ಹೊಳೆಗೆ ಎರಡೂ ದಡದ ಹೊಂಗೆಮರಗಳು ಬಾಗಿ ಸೇತುವೆಯಾದವಂತೆ. ಸೌಹಾರ್ದದ ಭಾಷಣ ಮಾಡುವವರು ಇಂಥ ಕಥೆಯನ್ನು ಚಾಪೆಯಡಿ ಸರಿಸುತ್ತಾರೆ. ಎದುರು ಪಾಳಯದವರು ಅದನ್ನೇ ಧ್ವಜ ಮಾಡಿಕೊಳ್ಳುತ್ತಾರೆ. ಎರಡೂ ಕಥೆಯನ್ನು ಪೂರ್ತಿ ಕೇಳಿಸಿಕೊಳ್ಳದ ರೀತಿಗಳೇ. ಓಡಿ ಬಂದ ನೆನಪು ಸುಳ್ಳೆಂದು ನಾನು ಹೇಳಲಾರೆ. ಯುದ್ಧದ ನಾಡಿನಲ್ಲಿ ರೈತ ಗಂಟುಮೂಟೆ ಕಟ್ಟುವುದು ಹೊಸದೇನಲ್ಲ. ಆದರೆ ಅದೇ ತುಂಗಭದ್ರೆಯ ದಂಡೆಯಲ್ಲಿ ಇನ್ನೊಂದು ಸಾಕ್ಷಿಯೂ ಕಲ್ಲಿನಲ್ಲಿ ನಿಂತಿದೆ. ಹಂಪಿಯಲ್ಲಿ 1439ರಲ್ಲಿ ಎರಡನೇ ದೇವರಾಯನ ಅಧಿಕಾರಿ ಅಹಮದ್ ಖಾನ್ ಒಂದು ಮಸೀದಿ ಕಟ್ಟಿಸಿದ. ಗುಮ್ಮಟವಿಲ್ಲ, ಕಮಾನಿಲ್ಲ, ಚೌಕ ಕಂಬಗಳ ಮೇಲೆ ಕಲ್ಲುಚಪ್ಪಡಿ ಹೊದಿಸಿದ, ನಮ್ಮ ಯಾವುದೇ ಗುಡಿಯ ಮುಂದಿನ ಮಂಟಪದಂಥ ಹಜಾರ. ಗೋಡೆಯ ಗೂಡನ್ನು ಗಮನಿಸದಿದ್ದರೆ ಅದು ಮಸೀದಿಯೆಂದು ತಿಳಿಯುವುದೂ ಕಷ್ಟ. ಅಲ್ಲಿನ ಶಾಸನ ಕನ್ನಡದಲ್ಲಿದೆ. ಕಟ್ಟಡವನ್ನು ಅದು ಧರ್ಮಸಾಲೆ ಎಂದು ಕರೆಯುತ್ತದೆ, ದೇವರಾಯನಿಗೆ ಪುಣ್ಯವಾಗಲೆಂದು ಕಟ್ಟಿಸಿದ್ದು ಎನ್ನುತ್ತದೆ. ಹಿಂದೂ ಒಡೆಯನ ಪುಣ್ಯಕ್ಕೆ ಮುಸಲ್ಮಾನ ಸೇವಕ ಮಸೀದಿ ಕಟ್ಟಿಸಿ ಅದನ್ನು ಕನ್ನಡದಲ್ಲಿ ಬರೆಸಿದ ಎಂಬುದನ್ನು ನಿಧಾನವಾಗಿ, ಎರಡು ಸಲ ಓದಿಕೊಳ್ಳಬೇಕು.

ಇದನ್ನೂ ಸ್ನೇಹವೆಂದು ಕರೆಯಲು ನಾನು ಆತುರಪಡುವುದಿಲ್ಲ. ಬಹಮನಿ ಸೇನೆಯ ಕುದುರೆ ಮತ್ತು ಬಿಲ್ಲಿನ ಮುಂದೆ ಸೋತು ಸುಣ್ಣವಾಗಿದ್ದ ದೇವರಾಯನಿಗೆ ಒಳ್ಳೆಯ ರಾವುತರು ಬೇಕಾಗಿದ್ದರು. ರಾವುತರಿಗೆ ಜಹಗೀರು ಬೇಕಾಗಿತ್ತು. ಅವರು ನಮಸ್ಕರಿಸಲೆಂದು ರಾಜ ಸಿಂಹಾಸನದ ಮುಂದೆ ಕುರಾನನ್ನು ಇರಿಸುತ್ತಿದ್ದನೆಂದು ಫೆರಿಷ್ತಾ ಬರೆದಿದ್ದಾನೆ. ‘ಇದರಲ್ಲಿ ಸ್ನೇಹವೆಲ್ಲಿ ಬಂತು, ಬರೀ ಗರಜು’ ಎಂದು ಆಕ್ಷೇಪಿಸುವವರಿಗೆ ನನ್ನ ಉತ್ತರ: ಹೌದು, ಗರಜೇ. ಗರಜಿಲ್ಲದ ಸ್ನೇಹ ಸಂತರಿಗೆ ಮಾತ್ರ ಸಾಧ್ಯ. ನಮ್ಮ ವೇದಿಕೆಗಳಲ್ಲಿ ಈ ಮಾತು ಬಂದೊಡನೆ ಶಿಶುನಾಳ ಶರೀಫರನ್ನೂ ಗೋವಿಂದಭಟ್ಟರನ್ನೂ ಕರೆತಂದು ಕೂರಿಸುತ್ತೇವೆ. ಪಾಪ, ಆ ಗುರುಶಿಷ್ಯರಿಗೆ ವಿಶ್ರಾಂತಿಯೇ ಇಲ್ಲ. ಅವರು ಅಪರೂಪದವರು, ಅಪರೂಪದವರಿಂದ ಸಾಮಾನ್ಯರ ಬಾಳನ್ನು ಅಳೆಯಲಾಗದು. ನನಗೆ ಬೇಕಾಗಿರುವುದು ಗರಜಿನಿಂದ ಶುರುವಾದದ್ದು ಗರಜು ಮುಗಿದ ಮೇಲೂ ಯಾಕೆ ನಿಲ್ಲುತ್ತದೆ ಎಂಬ ಪ್ರಶ್ನೆ. ದಿಂಡಿಗಲ್ ಸೀಮೆಯ ವಿರುಪಾಕ್ಷಿಯನ್ನೇ ನೋಡಿ. ಹಂಪಿಯ ದೇವರ ಹೆಸರು ಹೊತ್ತ ಊರು. 1772ರಲ್ಲಿ ಗಂಡನನ್ನು ಕಳೆದುಕೊಂಡು ಶಿವಗಂಗೆಯಿಂದ ತಪ್ಪಿಸಿಕೊಂಡು ಬಂದ ರಾಣಿ ವೇಲು ನಾಚ್ಚಿಯಾರ್‌ಗೆ ಆಶ್ರಯ ಸಿಕ್ಕಿದ್ದು ಇಲ್ಲಿನ ಪಾಳೆಯಗಾರ ಗೋಪಾಲ ನಾಯಕರ ಬಳಿ ಮತ್ತು ದಿಂಡಿಗಲ್ ಕೋಟೆಯ ಒಡೆಯ ಹೈದರಾಲಿಯ ಬಳಿ. 1780ರಲ್ಲಿ ಅವಳು ರಾಜ್ಯ ಮರಳಿ ಪಡೆದದ್ದು ಹೈದರನ ನೆರವಿನಿಂದ. ಅವಳ ರಾಜ್ಯ ಕಿತ್ತುಕೊಂಡದ್ದು ಆರ್ಕಾಟಿನ ನವಾಬ ಮತ್ತು ಅವನ ಇಂಗ್ಲಿಷ್ ಮಿತ್ರರು. ಕಿತ್ತುಕೊಂಡವನೂ ಮುಸಲ್ಮಾನ, ಕೊಡಿಸಿದವನೂ ಮುಸಲ್ಮಾನ. ನಡುವೆ ನಿಂತು ಅನ್ನ ಹಾಕಿದ ಗೋಪಾಲ ನಾಯಕರು ಮುಸಲ್ಮಾನರಿಗೆ ಹೆದರಿ ಹೊಳೆ ದಾಟಿ ಬಂದೆವೆಂದು ಕಥೆ ಹೇಳುವ ಕಂಬಳದವರು, ಅಂದರೆ ಅದೇ ತೊಟ್ಟಿಯರು. ಕಥೆ ಕಥೆಯ ಪಾಡಿಗಿತ್ತು, ಬದುಕು ಬದುಕಿನ ಪಾಡಿಗೆ ನಡೆಯಿತು.

ನಡೆದದ್ದು ಹೇಗೆ ಎಂಬುದಕ್ಕೆ ನನ್ನ ಮುಖ್ಯ ಸಾಕ್ಷಿ ಒಂದು ಕರೆಯುವ ಮಾತು. ಮದುರೈ, ತೇನಿ ಸೀಮೆಯ ಹಳ್ಳಿಗಳಲ್ಲಿ ಹಿಂದೂಗಳು ರಾವುತ್ತರನ್ನು ಮಾಮ, ಮಚ್ಚಾನ್ ಎನ್ನುತ್ತಾರೆ. ಅವರು ಇವರನ್ನು ಮಾಪ್ಪಿಳ್ಳೆ ಎನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ಮಾವ, ಭಾವ, ಅಳಿಯ. ‘ಹಿಂದೂ ಮುಸ್ಲಿಂ ಭಾಯಿ ಭಾಯಿ’ ಎಂಬ ಘೋಷಣೆ ಉತ್ತರದಿಂದ ಬಂದದ್ದು. ಅದು ಹುಟ್ಟುವ ಮೊದಲೇ ಇವರು ತಮ್ಮ ನಂಟನ್ನು ಬೇರೆ ರೀತಿ ಲೆಕ್ಕ ಹಾಕಿಕೊಂಡಿದ್ದರು, ಅದು ಹೆಚ್ಚು ಜಾಣತನದ ಲೆಕ್ಕ. ಅಣ್ಣತಮ್ಮಂದಿರು ಯಾರು? ಒಂದೇ ಮನೆ, ಒಂದೇ ಆಸ್ತಿ. ಆದ್ದರಿಂದಲೇ ಪಾಲು, ಆದ್ದರಿಂದಲೇ ಕೋರ್ಟು. ಎರಡು ತಲೆಮಾರು ಕಳೆದರೆ ಅಣ್ಣತಮ್ಮ ಎಂಬ ಹೆಸರೇ ಹೋಗಿ ದಾಯಾದಿ ಎಂಬ ಹೆಸರು ಬರುತ್ತದೆ. ಭಾಯಿ ಭಾಯಿ ಎಂದುಕೊಂಡ ದೇಶ 1947ರಲ್ಲಿ ಮಾಡಿದ್ದೂ ಅದನ್ನೇ: ಪಾಲು. ಮಾವ ಹಾಗಲ್ಲ. ಅವನ ಮನೆ ಬೇರೆ, ಬೆಡಗು ಬೇರೆ, ಒಲೆ ಬೇರೆ. ಆದರೆ ಅವನಿಲ್ಲದೆ ನಮ್ಮ ಮನೆಯ ಶುಭಕಾರ್ಯ ಸಾಗದು. ಮಗುವಿಗೆ ಕಿವಿ ಚುಚ್ಚುವಾಗ ತೊಡೆಯ ಮೇಲೆ ಕೂರಿಸಿಕೊಳ್ಳಬೇಕಾದವನು ಸೋದರಮಾವ. ಭಾವಮೈದುನರಿಗೆ ಒಬ್ಬರನ್ನೊಬ್ಬರು ಗೇಲಿ ಮಾಡುವ ಹಕ್ಕಿದೆ. ಅಣ್ಣನನ್ನು ಆಡಿಕೊಂಡರೆ ಅವಿಧೇಯತೆ. ಭಾವನನ್ನು ಆಡಿಕೊಳ್ಳದಿದ್ದರೇ ಅವಮಾನ. ಗಡ್ಡವನ್ನೂ ಜುಟ್ಟನ್ನೂ ಪರಸ್ಪರ ಗೇಲಿ ಮಾಡಿ ಯಾರಿಗೂ ನೋವಾಗದೆ ಉಳಿಯುವ ಸಂಬಂಧ ಒಂದು ಊರಿಗೆ ಎಷ್ಟು ದೊಡ್ಡ ಆಸ್ತಿಯೆಂಬುದು ಮಾತುಮಾತಿಗೂ ಭಾವನೆಗೆ ಧಕ್ಕೆ ತಂದುಕೊಳ್ಳುವ ನಮ್ಮ ಕಾಲಕ್ಕೆ ಗೊತ್ತಾಗಬೇಕು.

ಇಲ್ಲಿಯೇ ಬರುತ್ತದೆ ದೊಡ್ಡ ಆಕ್ಷೇಪ, ಅದು ಹಗುರವಾದದ್ದಲ್ಲ. ಮಾವ ಎನ್ನುವುದು ದ್ರಾವಿಡ ಭಾಷೆಗಳಲ್ಲಿ ತಾಯಿಯ ತಮ್ಮನಿಗೂ ಹೆಣ್ಣು ಕೊಟ್ಟವನಿಗೂ ಇರುವ ಒಂದೇ ಹೆಸರು. ಕಾಪ್ಪಿಲಿಯರಲ್ಲಂತೂ ಸೋದರತ್ತೆಯ ಮಗಳ ಮೇಲೆ ಹುಡುಗನಿಗಿರುವ ಹಕ್ಕು ಎಷ್ಟು ಬಿಗಿಯೆಂದರೆ ಹಳೆಯ ದಾಖಲೆಕಾರರು ಅದನ್ನು ಬೆರಗಿನಿಂದ ಬರೆದಿಟ್ಟಿದ್ದಾರೆ. ಹಾಗಿರುವಾಗ ಎಂದೂ ಹೆಣ್ಣು ಕೊಡದ, ತರದ ಮನೆಯವನನ್ನು ಮಾವ ಎನ್ನುವುದು ಬೂಟಾಟಿಕೆಯಲ್ಲವೆ? ನಾನು ಇದಕ್ಕೆ ಅರ್ಧ ಒಪ್ಪುತ್ತೇನೆ. ಪ್ರೀತಿಸಿದ ಇಬ್ಬರು ಈ ಗೆರೆ ದಾಟಿದಾಗ ಮಾವ ಭಾವ ಎಂಬ ಮಾತುಗಳು ಅವರನ್ನು ಕಾಯುವುದಿಲ್ಲ. ಆ ಕೊರತೆಯನ್ನು ಮುಚ್ಚಿಡಬಾರದು. ಆದರೆ ಅದೇ ಗೆರೆ ಹಿಂದೂ ಜಾತಿಗಳ ನಡುವೆಯೂ ಇದೆ. ಒಕ್ಕಲಿಗ ಕುಂಬಾರನನ್ನು ಮಾವ ಎನ್ನುತ್ತಾನೆ, ಹೆಣ್ಣು ಕೊಡುವುದಿಲ್ಲ. ಹಾಗೆಂದು ಆ ಮಾತು ಪೊಳ್ಳೆಂದು ನಾವು ಹೇಳುತ್ತೇವೆಯೆ? ಮದುವೆಯೊಂದನ್ನು ಬಿಟ್ಟು ಮಾವನ ಉಳಿದೆಲ್ಲ ಹೊಣೆಗಳನ್ನೂ ಆ ಹೆಸರು ಹೊರಿಸುತ್ತದೆ: ಸಾವಿಗೆ ಬರಬೇಕು, ಮದುವೆಗೆ ಉಡುಗೊರೆ ತರಬೇಕು, ಜಗಳದಲ್ಲಿ ನಡುವೆ ಬೀಳಬೇಕು. ಊಟದ ವಿಷಯದಲ್ಲೂ ಅಷ್ಟೆ. ಕಂಬಮಿನ ಒಕ್ಕಲಿಗರಿಗೆ ನಂದಗೋಪಾಲಸ್ವಾಮಿಯ ಹೆಸರಿನ ದನದ ಹಿಂಡೇ ದೇವರು. ಅದನ್ನು ಅವರು ಕನ್ನಡದಲ್ಲೇ ‘ದೇವರ ಆವು’ ಎಂದು ಕರೆಯುತ್ತಿದ್ದರು. ಹಿಂಡಿನ ಅರಸು ‘ಪಟ್ಟದ ಆವು’. ಅದು ಸತ್ತರೆ ಮರ್ಯಾದೆಯಿಂದ ಮಣ್ಣು ಮಾಡಿ, ಕರ್ಪೂರ ಬಾಳೆಹಣ್ಣಿಟ್ಟು, ಹಿಂಡಿನ ಮುಂದೆ ಕಬ್ಬಿನ ಕಂತೆ ಇಟ್ಟು ಎಲ್ಲರೂ ಉಸಿರು ಬಿಗಿಹಿಡಿದು ಕಾಯುತ್ತಾರೆ. ಯಾವ ಹೋರಿ ಮೊದಲು ಬಂದು ಕಬ್ಬಿಗೆ ಬಾಯಿ ಹಾಕುತ್ತದೋ ಅದಕ್ಕೆ ಅರಿಶಿನ ಕುಂಕುಮ ಬಳಿದು, ಹಾರ ಹಾಕಿ ಪಟ್ಟ. ಇಂಥವರೂ ಗೋಮಾಂಸ ನಿಷಿದ್ಧವಲ್ಲದ ಮತದವರೂ ಒಂದೇ ಪೇಟೆಯಲ್ಲಿ ಬಾಳಿರುವುದು ಒಂದೇ ತಟ್ಟೆಯಲ್ಲಿ ಉಂಡಲ್ಲ. ಯಾರ ತಟ್ಟೆಯಲ್ಲಿ ಏನಿದೆಯೆಂದು ಇಣುಕದೆ. ನಮ್ಮ ಹಳ್ಳಿಗಳಲ್ಲೂ ಉಣ್ಣದ ನೆಂಟರಿಗೆ ಅಕ್ಕಿ ಬೇಳೆ ತರಕಾರಿ ಕೊಟ್ಟು ಸ್ವಯಂಪಾಕ ಮಾಡಿಕೊಳ್ಳಿ ಎನ್ನುವ ಪದ್ಧತಿ ಇತ್ತಲ್ಲ. ಉಣ್ಣದಿರುವುದನ್ನು ಬೇಡವೆನ್ನದೆ, ಉಣ್ಣಿಸುವುದನ್ನೂ ಬಿಡದೆ ನಡೆಸುವ ಉಪಾಯ.

ಈ ಸಂಬಂಧದ ಲೆಕ್ಕಪುಸ್ತಕ ಅಕ್ಷರಶಃ ಪುಸ್ತಕವೇ. ಮದುರೈ, ತೇನಿ ಸೀಮೆಯ ಮದುವೆಮನೆಯ ಬಾಗಿಲಲ್ಲಿ ಮೇಜು ಹಾಕಿ ಒಬ್ಬ ‘ಮೊಯ್’ ಬರೆದುಕೊಳ್ಳುತ್ತಾನೆ: ಊರು, ಹೆಸರು, ಮೊತ್ತ. ಕೊಟ್ಟವನ ಮನೆಯ ಮದುವೆಯಲ್ಲಿ ಅದಕ್ಕೆ ಒಂದಿಷ್ಟು ಸೇರಿಸಿ ಹಿಂತಿರುಗಿಸಬೇಕು. ಇದು ನಮ್ಮ ಮುಯ್ಯಿಯೇ. ಕನ್ನಡದಲ್ಲಿ ಈ ಮಾತಿಗೆ ಎರಡು ಅಂಚು: ಮದುವೆಯ ಮುಯ್ಯಿ ಒಂದು, ಮುಯ್ಯಿಗೆ ಮುಯ್ಯಿ ಇನ್ನೊಂದು. ಉಡುಗೊರೆಗೂ ಸೇಡಿಗೂ ಒಂದೇ ಹೆಸರು ಯಾಕೆಂದರೆ ಎರಡರಲ್ಲೂ ಇರುವುದು ಬಾಕಿಯ ನೆನಪು. ತುಂಗಭದ್ರೆಯ ಕಥೆಯೂ ಒಂದು ಬಾಕಿಯ ನೆನಪೇ. ಅದನ್ನು ತೀರಿಸಿಕೊಳ್ಳಲು ಹೊರಡದೆ, ಹೊಸ ನೆಲದಲ್ಲಿ ಹೊಸ ಪುಸ್ತಕ ತೆರೆದದ್ದು ಈ ಜನರ ವಿವೇಕ. ಅದಕ್ಕೆ ನೆಲ ನೀರೂ ಒತ್ತಾಸೆಯಾದವು. 1895ರಲ್ಲಿ ಪೆನ್ನಿಕ್ವಿಕ್ ಕಟ್ಟಿ ಮುಗಿಸಿದ ಮುಲ್ಲೈಪೆರಿಯಾರ್ ಅಣೆಯ ನೀರು ಬೆಟ್ಟ ಕೊರೆದ ಸುರಂಗದಲ್ಲಿ ಹಾದು ಈ ಕಣಿವೆಯ 14,707 ಎಕರೆಗೆ ಎರಡು ಬೆಳೆ ಕೊಡುತ್ತದೆ. ಕಾಲುವೆ ಸರದಿಯ ಪ್ರಕಾರ ಹರಿಯುತ್ತದೆ. ಮೇಲಿನ ಗದ್ದೆಯವನ ಮರ್ಜಿಯಿಲ್ಲದೆ ಕೆಳಗಿನ ಗದ್ದೆ ನೆನೆಯದು. ಹಾಗೆ ನೋಡಿದರೆ ಸರದಿಗಾಗಿ ಬಡಿದಾಡಿದವರು ಎಷ್ಟೋ ಸಲ ಒಂದೇ ಮತದವರು.

ಹಾಗಾದರೆ 1997-98ರ ಕೊಯಮತ್ತೂರು? ಅದೇ ರಾಜ್ಯ, ಅದೇ ಭಾಷೆ. ಗಲಭೆ, ಬಾಂಬು, ಹೆಣಗಳ ಸಾಲು. ಈ ಮಾವ ಭಾವ ಅಲ್ಲಿ ಯಾಕೆ ತಡೆಯಲಿಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದು. ರಾಜಕೀಯ ಶಾಸ್ತ್ರಜ್ಞ ಅಶುತೋಷ್ ವಾರ್ಷ್ಣೇಯ 1950ರಿಂದ 1995ರವರೆಗಿನ ಗಲಭೆಗಳನ್ನು ಲೆಕ್ಕ ಹಾಕಿದಾಗ ಹಳ್ಳಿಗಳಲ್ಲಿ ಸತ್ತವರು ಒಟ್ಟು ಸಾವಿನ ಶೇ 4ಕ್ಕೂ ಕಡಿಮೆ. ಹಳ್ಳಿಯಲ್ಲಿ ದಿನನಿತ್ಯದ ಒಡನಾಟ ಸಾಕಾಗುತ್ತದೆ, ನಗರದಲ್ಲಿ ಸಾಲದು. ಅಲ್ಲಿ ಎರಡೂ ಮತದವರು ಒಟ್ಟಿಗೆ ನಡೆಸುವ ಸಂಘಗಳು, ಕಸುಬಿನ ಕೂಟಗಳು, ಪಕ್ಷಗಳು ಬೇಕು ಎಂಬುದು ಅವರ ವಾದ. ನನಗೆ ಇದು ಒಪ್ಪಿಗೆ, ಒಂದು ತಿದ್ದುಪಡಿಯೊಂದಿಗೆ. ಕರೆಯುವ ಮಾತು ಗಲಭೆಕೋರನನ್ನು ತಡೆಯುವುದಿಲ್ಲ. ಅದು ತಡೆಯುವುದು ಗಾಳಿಸುದ್ದಿಯನ್ನು, ಅದೂ ಮಾವನ ಮನೆ ನಡೆದು ಹೋಗುವಷ್ಟು ಹತ್ತಿರವಿದ್ದರೆ ಮಾತ್ರ. ಪೇಟೆ ಬೆಳೆದಂತೆ ಆ ನಡಿಗೆ ಉದ್ದವಾಗುತ್ತದೆ. ಉತ್ತಮಪಾಳಯದಲ್ಲಿ 1956ರಲ್ಲಿ ಶುರುವಾದ ಹಾಜಿ ಕರುತ್ತ ರಾವುತ್ತರ್ ಹೌದಿಯಾ ಕಾಲೇಜಿನಂಥವು ಆಗ ಬೇಕಾಗುತ್ತವೆ. ರಾವುತ್ತರೊಬ್ಬರ ಹೆಸರಿನ ಕಾಲೇಜಿನಿಂದ ಪದವಿ ಹಿಡಿದು ಹೊರಬಂದ ಗೌಂಡರ ಮಕ್ಕಳು ಕಣಿವೆಯ ತುಂಬ ಇದ್ದಾರೆ. ಇದೂ ಮುಯ್ಯಿಯೇ, ಬರೆದುಕೊಳ್ಳದ್ದು.

ಈಗ ತಮಿಳುನಾಡಿನ ಪೇಟೆಗಳಲ್ಲಿ ಮಾಮ ಎಂಬ ಕರೆ ಕಡಿಮೆಯಾಗಿ ‘ಬಾಯ್’ ಎಂಬುದು ಬಂದಿದೆ. ಮನೆಯಲ್ಲಿ ಅಪ್ಪನನ್ನು ಅತ್ತಾ ಎಂದು ಅಚ್ಚ ತಮಿಳು ಮಾತಾಡುವ ರಾವುತ್ತರನಿಗೂ ಬಾಯ್, ದಖನಿ ಉರ್ದುವಿನವನಿಗೂ ಬಾಯ್. ಅರ್ಥಕ್ಕೆ ಅಣ್ಣ, ಬಳಕೆಗೆ ‘ನೀನು ಮುಸಲ್ಮಾನ’ ಎಂಬ ಚೀಟಿ. ನಮ್ಮ ಸಾಬ್ರು ಎಂಬ ಮಾತಿನ ಹಾಗೆಯೇ, ಮರ್ಯಾದೆ ಇದೆ, ನಂಟಿಲ್ಲ. ಹೆದ್ದಾರಿಯ ಹೋಟೆಲುಗಳ ಫಲಕಗಳಲ್ಲಿ ‘ಬಾಯ್ ವೀಟ್ಟು ಕಲ್ಯಾಣ ಬಿರಿಯಾನಿ’ ಎಂದು ಬರೆದಿರುತ್ತದೆ: ಬಾಯ್ ಮನೆಯ ಮದುವೆಯ ಬಿರಿಯಾನಿ. ಮಾಲೆ ಹಾಕಿದ ಸ್ವಾಮಿಗಳನ್ನು ಶಬರಿಮಲೆಗೆ ಕರೆದೊಯ್ಯುವ ಕರ್ನಾಟಕದ ಟೆಂಪೋಗಳು, ಎರುಮೇಲಿಯಲ್ಲಿ ವಾವರನ ಮಸೀದಿಗೆ ಸುತ್ತು ಬರಬೇಕಾದವು, ತೇನಿ, ಕಂಬಂ, ಕುಮಳಿಯ ದಾರಿಯಲ್ಲಿ ಆ ಫಲಕಗಳನ್ನು ದಾಟಿ ಹೋಗುತ್ತವೆ; ಹಿಂತಿರುಗುವಾಗ, ಮಾಲೆ ತೆಗೆದ ಮೇಲೆ, ಕೆಲವು ನಿಲ್ಲುತ್ತವೆ. ಬಿರಿಯಾನಿ ಚೆನ್ನಾಗಿಯೇ ಇರುತ್ತದೆ. ಆಹ್ವಾನ ಬೇಕಿಲ್ಲ, ಬಾಗಿಲಲ್ಲಿ ಮೇಜು ಹಾಕಿಕೊಂಡು ಊರು ಹೆಸರು ಕೇಳುವವರಿಲ್ಲ. ಉಂಡವರು ಬಿಲ್ಲು ಕೊಟ್ಟು ಕೈ ಒರೆಸಿಕೊಂಡು ಗಾಡಿ ಹತ್ತುತ್ತಾರೆ.