ಡೆಸ್ಕ್ ಕತ್ತರಿಸಿದ ಸಾಲು

ಮಹಿಳಾ ದಿನದ ಪುರವಣಿಗೆ ಅನು ಆಗಾ ಬಗ್ಗೆ ಬರೆದು ಕಳಿಸಿದ್ದೆ. ಬಾಯ್ಲರ್ ತಯಾರಿಸುವ ಪುಣೆಯ ಥರ್ಮ್ಯಾಕ್ಸ್ ಕಂಪನಿಯನ್ನು ನಡೆಸಿದವರು. 1996ರಲ್ಲಿ ಗಂಡ ತೀರಿಕೊಂಡಾಗ ಅಧ್ಯಕ್ಷೆಯ ಕುರ್ಚಿಗೆ ಬಂದರು. ಮರುವರ್ಷವೇ ಮಗ ಅಪಘಾತದಲ್ಲಿ ಹೋದ. ಆಮೇಲೆ ಕಂಪನಿಗೂ ನಷ್ಟ. ಅದನ್ನು ಎತ್ತಿ ನಿಲ್ಲಿಸಿ, 2004ರಲ್ಲಿ ಮಗಳು ಮೆಹರ್‌ಗೆ ಬಿಟ್ಟುಕೊಟ್ಟು, ಆಕಾಂಕ್ಷಾ, ಟೀಚ್ ಫಾರ್ ಇಂಡಿಯಾ ಅಂತ ಬಡಮಕ್ಕಳ ಓದಿನ ಕೆಲಸಕ್ಕಿಳಿದರು. 2010ರ ಪದ್ಮಶ್ರೀ ಬಂದದ್ದು ಸಮಾಜಸೇವೆಗೇ.

ಜಾಗವಿಲ್ಲವೆಂದು ಡೆಸ್ಕಿನವರು ಒಂದೇ ಸಾಲು ಕತ್ತರಿಸಿದರು: ಆಕೆ ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಓದಿದ್ದೇ ಸಮಾಜಕಾರ್ಯ. ಅಂದರೆ ಹೊಸದಾಗಿ ಹೋದದ್ದಲ್ಲ, ಮರಳಿದ್ದು. ನನಗೆ ಇಡೀ ಬರಹವೇ ಆ ಸಾಲಿನಲ್ಲಿತ್ತು. ತಲೆಬರಹ ‘ಉದ್ಯಮ ಬಿಟ್ಟು ಸೇವೆಗೆ’ ಎಂದಾಯಿತು.

ಫೋನ್ ಮಾಡಿ ಕೇಳಬೇಕಿತ್ತು. ಕೇಳಲಿಲ್ಲ. ಮೂರು ತಿಂಗಳ ಬಿಲ್ಲು ಬಾಕಿಯಿತ್ತು.