ಬೇಸ್‌ಮೆಂಟಿನಲ್ಲಿ ನಾಲ್ಕು ಸೆಕೆಂಡಿನ ಉರಿ

ಜನವರಿಯ ನಡುರಾತ್ರಿ, ಷಿಕಾಗೋ ಪಕ್ಕದ ನೇಪರ್‌ವಿಲ್. ಹೊರಗೆ ಮೈನಸ್ 8 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸೆಲ್ಸಿಯಸ್ಸಿನಲ್ಲಿ ಮೈನಸ್ 22. ಥರ್ಮೋಸ್ಟ್ಯಾಟನ್ನು ನೀವು 70ಕ್ಕೆ ಇಟ್ಟಿದ್ದೀರಿ, ಅದು ತೋರಿಸುತ್ತಿರುವುದು 61. ಮಹಡಿಯ ಕೋಣೆಯಲ್ಲಿ ಹೆಂಡತಿ, ಇನ್ನೂ ತಿಂಗಳು ತುಂಬದ ಕೂಸು. ಬಾಣಂತನಕ್ಕೆಂದು ಹಾಸನದಿಂದ ಬಂದ ಅತ್ತೆ ಶಾಲು ಹೊದ್ದು ಮೆಟ್ಟಿಲ ಮೇಲೆ ನಿಂತಿದ್ದಾರೆ.

“ಅಳಿಯಂದ್ರೇ, ಈ ಕಿಂಡೀಲಿ ತಣ್ಣನೆ ಗಾಳಿ ಬರ್ತಿದೆಯಲ್ಲ?”

“ಫರ್ನೇಸ್ ಕೈಕೊಟ್ಟಿರಬೇಕು ಅತ್ತೆ. ಮಗೂಗೆ ಕುಲಾವಿ ಹಾಕಿ, ನಾನು ಕೆಳಗೆ ಹೋಗಿ ನೋಡ್ತೀನಿ.”

“ಗರಾಜಲ್ಲಿ ಇದ್ದಿಲಿನ ಚೀಲ ಇದೆಯಲ್ಲ? ಅಗ್ಗಿಷ್ಟಿಕೆ ಥರ ಏನಾದ್ರೂ ಮಾಡಿ ಬಾಣಂತಿ ಕೋಣೇಲಿ ಕೆಂಡ ಇಟ್ರೆ ಆಗಲ್ವಾ?”

ಬೇಡವೇ ಬೇಡ ಅನ್ನುತ್ತೀರಿ, ಸ್ವಲ್ಪ ಜೋರಾಗಿಯೇ. ಊರಿನ ಹಂಚಿನ ಮನೆಯಲ್ಲಿ ಸಂದುಗೊಂದುಗಳಿಂದ ಗಾಳಿ ಆಡುತ್ತಿತ್ತು. ಇಲ್ಲಿ ಚಳಿಗಾಲಕ್ಕೆಂದೇ ಕಿಟಕಿ ಬಾಗಿಲಿನ ಒಂದೊಂದು ಬಿರುಕನ್ನೂ ಮುಚ್ಚಿದ್ದಾರೆ. ಕೆಂಡದಿಂದ ಏಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಗ್ಯಾಸ್ ಅವನ್ ಬಾಗಿಲು ತೆರೆದಿಟ್ಟು ಮನೆ ಬಿಸಿ ಮಾಡುವುದೂ ಇದೇ ಜಾತಿಯ ಅಪಾಯ. ಕರೆಂಟಿನ ಪುಟ್ಟ ಹೀಟರ್ ಒಂದನ್ನು ಬಾಣಂತಿಯ ಕೋಣೆಗೆ ಒಯ್ದು, ಎಕ್ಸ್‌ಟೆನ್ಷನ್ ವೈರಿಗಲ್ಲದೆ ನೇರ ಗೋಡೆಯ ಸಾಕೆಟ್ಟಿಗೇ ಚುಚ್ಚುತ್ತೀರಿ. ಅಡುಗೆಮನೆಯ ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡುತ್ತೀರಿ. ಗೋಡೆಯೊಳಗೆ ಪೈಪು ಹೆಪ್ಪುಗಟ್ಟಿ ಒಡೆದರೆ, ಆ ಖರ್ಚಿನ ಮುಂದೆ ಫರ್ನೇಸಿನ ಖರ್ಚು ಏನೂ ಅಲ್ಲ.

ಬೇಸ್‌ಮೆಂಟಿಗೆ ಇಳಿಯಿರಿ. ಮೂಲೆಯಲ್ಲಿ ಬೀರುವಿನಷ್ಟು ಎತ್ತರದ ತಗಡಿನ ಪೆಟ್ಟಿಗೆ. ಮೊದಲು ಮೂಗಿಗೆ ಕೆಲಸ: ಗ್ಯಾಸ್ ಸೋರಿದರೆ ಬರುವ ಕೊಳೆತ ಮೊಟ್ಟೆಯ ವಾಸನೆ ಇದೆಯೇ? ಇದ್ದರೆ ಸ್ವಿಚ್ಚನ್ನೂ ಮುಟ್ಟದೆ ಎಲ್ಲರನ್ನೂ ಹೊರಗೆ ಕರೆದೊಯ್ದು, ಅಲ್ಲಿಂದಲೇ ಫೋನ್ ಮಾಡಬೇಕು. ವಾಸನೆ ಇಲ್ಲ, ದೀಪ ಹಾಕಿ. ಬ್ರೇಕರ್ ಬಿದ್ದಿಲ್ಲ. ಪಕ್ಕದ ಸಂದಿನಿಂದ ಫಿಲ್ಟರ್ ಎಳೆಯುತ್ತೀರಿ. ಒಂದಿಂಚು ದಪ್ಪದ ಆ ಹಾಳೆ ಬೂದುಬಣ್ಣಕ್ಕೆ ತಿರುಗಿದೆ, ಅಂಚಿನಲ್ಲಿ ನೀವೇ ಪೆನ್ನಿನಲ್ಲಿ ಬರೆದ ತಾರೀಕು ಸೆಪ್ಟೆಂಬರಿನದು. ಇಂಥ ಫಿಲ್ಟರನ್ನು ಒಂದರಿಂದ ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ಗಾಳಿ ಕಟ್ಟಿಕೊಂಡರೆ ಒಳಗಿನ ಲೋಹದ ಗೂಡು ಅತಿಯಾಗಿ ಕಾದು, ಲಿಮಿಟ್ ಸ್ವಿಚ್ ಉರಿಯನ್ನು ಆರಿಸಿಬಿಡುತ್ತದೆ. ಹತ್ತು-ಇಪ್ಪತ್ತು ಡಾಲರಿನ ಹೊಸ ಹಾಳೆ ಶೆಲ್ಫಿನಲ್ಲೇ ಇತ್ತು, ಹಾಕಿದ್ದಾಯಿತು.

ಇನ್ನು ಹೊರಗಿನ ಕೆಲಸ. ಬೂಟು, ಕೋಟು, ಟಾರ್ಚು. ಶೇಕಡಾ 90ಕ್ಕಿಂತ ಹೆಚ್ಚು ದಕ್ಷತೆಯ ಫರ್ನೇಸುಗಳು ಚಿಮಣಿಯ ಬದಲು ಗೋಡೆಯಿಂದ ಚಾಚಿದ ಬಿಳಿ ಪಿವಿಸಿ ಪೈಪುಗಳ ಮೂಲಕ ಉಸಿರಾಡುತ್ತವೆ. ಗಾಳಿಗೆ ಒಟ್ಟಿದ ಹಿಮ ಅವುಗಳ ಬಾಯಿ ಮುಚ್ಚಿದ್ದರೆ ಪ್ರೆಷರ್ ಸ್ವಿಚ್ ಒಪ್ಪುವುದಿಲ್ಲ, ಉರಿ ಹತ್ತುವುದಿಲ್ಲ. ಸಲಿಕೆಯಿಂದ ಸುತ್ತಲಿನ ಹಿಮ ಸರಿಸುತ್ತೀರಿ. ಬಾಯಿ ಆಗಲೇ ತೆರೆದಿತ್ತು. ಇದೂ ಅಲ್ಲ.

ಒಳಗೆ ಬಂದು ಫರ್ನೇಸಿನ ಸ್ವಿಚ್ಚನ್ನು ಆರಿಸಿ ಮತ್ತೆ ಹಾಕಿ, ಪುಟ್ಟ ಗಾಜಿನ ಕಿಂಡಿಗೆ ಕಣ್ಣಿಟ್ಟು ಕೂರಿ. ಸಣ್ಣ ಫ್ಯಾನೊಂದು ಗುಂಯ್‌ಗುಡುತ್ತದೆ. ಹಳೆಯ ಹೊಗೆಯನ್ನು ಹೊರದೂಡುವ ಇಂಡ್ಯೂಸರ್ ಅದು. ಟಕ್. ಕತ್ತಲಲ್ಲಿ ಇಗ್ನೈಟರ್ ಕಿತ್ತಳೆಯಾಗಿ, ಆಮೇಲೆ ಬೆಳ್ಳಗೆ ಕಾಯುತ್ತದೆ. ಗ್ಯಾಸ್ ವಾಲ್ವ್ ತೆರೆದ ಸದ್ದು, ಭುಸ್ ಎಂದು ನೀಲಿ ಉರಿಯ ಸಾಲು. ಅಬ್ಬ ಅನ್ನುವಷ್ಟರಲ್ಲಿ, ಮೂರು ನಾಲ್ಕು ಸೆಕೆಂಡಿಗೆ, ಎಲ್ಲ ನಂದುತ್ತದೆ. ಮತ್ತೆ ಗುಂಯ್, ಮತ್ತೆ ಬೆಳಕು, ಮತ್ತೆ ಕತ್ತಲು. ಹೀಗೆ ಒಂದಷ್ಟು ಸಲ ಪ್ರಯತ್ನಿಸಿ ಯಂತ್ರ ತಾನೇ ಬೀಗ ಹಾಕಿಕೊಳ್ಳುತ್ತದೆ. ಕಂಟ್ರೋಲ್ ಬೋರ್ಡಿನ ಮೇಲೆ ಕೆಂಪು ಚುಕ್ಕಿಯೊಂದು ಮಿಣುಕುತ್ತಿದೆ. ಎಷ್ಟು ಸಲ ಮಿಣುಕಿದರೆ ಏನರ್ಥ ಎಂಬ ಪಟ್ಟಿ ಮುಚ್ಚಳದ ಒಳಮೈಗೇ ಅಂಟಿಸಿರುತ್ತದೆ. ಫೋಟೋ ತೆಗೆದಿಟ್ಟುಕೊಳ್ಳಿ. “ಹೀಟ್ ಬರ್ತಿಲ್ಲ” ಎಂದು ಫೋನಿನಲ್ಲಿ ಅಳುವುದಕ್ಕೂ “ಉರಿ ಹತ್ತಿ ನಾಲ್ಕು ಸೆಕೆಂಡಿಗೆ ಆರುತ್ತೆ” ಎಂದು ಹೇಳುವುದಕ್ಕೂ ಬಿಲ್ಲಿನಲ್ಲಿ ವ್ಯತ್ಯಾಸವಾಗಬಹುದು.

ಟೆಕ್ನಿಶಿಯನ್ ಬರುವ ಹೊತ್ತಿಗೆ ಮನೆ 57ಕ್ಕೆ ಇಳಿದಿದೆ. ಹಗಲಿನಲ್ಲಾದರೆ ಬಂದು ನೋಡುವುದಕ್ಕೇ ಸಾಮಾನ್ಯವಾಗಿ ನೂರರಿಂದ ಇನ್ನೂರು ಡಾಲರ್. ರಾತ್ರಿಯಾದ್ದರಿಂದ ಅದು ಒಂದೂವರೆ ಪಟ್ಟಾದರೂ ಆಶ್ಚರ್ಯವಿಲ್ಲ. ಅವನು ಒಂದೇ ಒಂದು ತಿರುಪು ಬಿಚ್ಚಿ, ಬೆರಳುದ್ದದ ಕಡ್ಡಿಯೊಂದನ್ನು ಹೊರಗೆಳೆಯುತ್ತಾನೆ. ತುದಿಯ ಮೇಲೆ ಮಾಸಲು ಬೂದುಬಣ್ಣದ ಪದರ.

“ಫ್ಲೇಮ್ ಸೆನ್ಸರ್. ಉರಿಯ ಮೂಲಕ ಹರಿಯುವ ಕರೆಂಟನ್ನು ಇದು ಅಳೆಯುತ್ತೆ. ಕೊಳೆ ಕೂತರೆ ಉರಿ ಇದ್ದರೂ ಇಲ್ಲ ಅಂತ ಬೋರ್ಡು ತಿಳಿಯುತ್ತೆ, ಗ್ಯಾಸ್ ನಿಲ್ಲಿಸುತ್ತೆ.”

ಯಂತ್ರ ಕೆಟ್ಟಿಲ್ಲ, ಹೆದರಿದೆ ಅಷ್ಟೆ. ಉರಿಯದ ಗ್ಯಾಸನ್ನು ಮನೆಗೆ ತುಂಬುವುದಕ್ಕಿಂತ ಅದು ಹೆದರುವುದೇ ಮೇಲು. ನಯವಾದ ಉಕ್ಕಿನ ಉಣ್ಣೆಯಿಂದ ಅವನು ಕಡ್ಡಿಯನ್ನು ಉಜ್ಜುತ್ತಾನೆ. ಮೀಟರಿನಲ್ಲಿ ಮೊದಲು 0.4 ಮೈಕ್ರೋ ಆಂಪಿಯರ್ ಇತ್ತು, ಈಗ 3.2. ಉರಿ ಹತ್ತಿ, ನಿಂತು, ತುಸು ಹೊತ್ತಿಗೆ ದೊಡ್ಡ ಬ್ಲೋವರ್ ಏಳುತ್ತದೆ. ಮೇಲಿನಿಂದ ಅತ್ತೆಯ ದನಿ: “ಬಿಸಿ ಬಂತು!”

ಕಡ್ಡಿ ಉಜ್ಜಿದ್ದು ಹತ್ತು ನಿಮಿಷ. ಬಿಲ್ಲಿನಲ್ಲಿ ಬಹುಪಾಲು ಅವನು ಬಂದ ಹೊತ್ತಿನ ಬೆಲೆ. ಇಗ್ನೈಟರ್ ಹೋಗಿದ್ದರೆ ಸುಮಾರು 150ರಿಂದ 400 ಡಾಲರ್, ವಸ್ತುವಿನ ಬೆಲೆ ಮಾತ್ರ ಅದರ ಸಣ್ಣದೊಂದು ಪಾಲು. ಬ್ಲೋವರ್ ಮೋಟಾರಿಗೆ ಐನೂರರಿಂದ ಸಾವಿರದೈನೂರು. ಆದರೆ ಎಷ್ಟೋ ಸಲ ಕೆಟ್ಟಿರುವುದು ಮೋಟಾರಲ್ಲ, ಅದರ ಪಕ್ಕದ ಅಗ್ಗದ ಕೆಪಾಸಿಟರ್. ಅದನ್ನು ಅಳೆದು ನೋಡದೆ ಮೋಟಾರ್ ಬದಲಿಸಲು ಒಪ್ಪಬೇಡಿ.

ಹೊರಡುವ ಮುನ್ನ ಅವನು ಪೆಟ್ಟಿಗೆಯನ್ನು ತಟ್ಟುತ್ತಾನೆ. “ಹದಿನಾರು ವರ್ಷ ಹಳೆಯದು. ಹೀಟ್ ಎಕ್ಸ್‌ಚೇಂಜರಿನಲ್ಲಿ ಬಿರುಕಿರಬಹುದು. ಈಗಲೇ ಸಹಿ ಮಾಡಿದರೆ ನಾಳೆ ಹೊಸದು ಕೂರಿಸ್ತೀವಿ.”

ಎಳೆಕೂಸಿರುವ ಮನೆಯಲ್ಲಿ ಈ ಮಾತಿಗೆ ಎದೆ ಧಸಕ್ಕೆನ್ನುತ್ತದೆ. ಬಿರುಕು ಸುಳ್ಳು ಭಯವಲ್ಲ. ಸುಟ್ಟ ಗ್ಯಾಸು ಮತ್ತು ನೀವು ಉಸಿರಾಡುವ ಗಾಳಿಯ ನಡುವೆ ಇರುವುದು ಆ ತೆಳು ಲೋಹ ಒಂದೇ. ನಿಜವಾಗಿ ಒಡೆದಿದ್ದರೆ ಫರ್ನೇಸ್ ಆರಿಸಲೇಬೇಕು. ಆದರೆ “ಇರಬಹುದು” ಎಂಬ ಮಾತಿಗೆ ಐದಾರು ಸಾವಿರ ಡಾಲರ್ ಕೊಡುವುದಿಲ್ಲ. ಬಿರುಕಿನ ಫೋಟೋ ಕೇಳಿ, ಕಾರ್ಬನ್ ಮೊನಾಕ್ಸೈಡ್ ಅಳೆದು ತೋರಿಸಲು ಹೇಳಿ. ಅವನು ಮೀಟರ್ ಹಿಡಿಯುತ್ತಾನೆ: ಸೊನ್ನೆ. ಕ್ಯಾಮೆರಾ ತಂದಿಲ್ಲವಂತೆ. ಸರಿ, ಲೆಕ್ಕ ಬರೆದುಕೊಡಿ, ಹಗಲಲ್ಲಿ ಬೇರೆಯವರಿಗೂ ತೋರಿಸುತ್ತೇನೆ ಎಂದು ಕಳಿಸುತ್ತೀರಿ. ಎಕ್ಸ್‌ಚೇಂಜರಿಗೆ ಇಪ್ಪತ್ತು ವರ್ಷದ ವಾರಂಟಿ ಕೊಡುವ ತಯಾರಕರು ಹಲವರಿದ್ದಾರೆ, ಕೂಲಿ ಮಾತ್ರ ನಿಮ್ಮದೇ. ಬೆಳಗ್ಗೆ ಮಾಡೆಲ್ ನಂಬರ್ ಹಿಡಿದು ಅದನ್ನೂ ವಿಚಾರಿಸಬೇಕು. ಅಲ್ಲಿಯವರೆಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ನಂಬಬೇಕು. ಮಲಗುವ ಕೋಣೆಯಿಂದ 15 ಅಡಿಯೊಳಗೆ ಅದು ಇರಲೇಬೇಕೆಂದು ಇಲಿನಾಯ್ ಕಾನೂನು 2007ರಿಂದ ಹೇಳುತ್ತದೆ. ಬಾಣಂತಿಯ ಸಾಂಬ್ರಾಣಿ ಹೊಗೆಗೆ ಪಕ್ಕದ ಸ್ಮೋಕ್ ಅಲಾರಂ ಕಿರುಚಿಕೊಂಡಿತೆಂದು ಸಿಟ್ಟಿನಲ್ಲಿ ಇದರ ಬ್ಯಾಟರಿಯನ್ನೂ ಕಿತ್ತಿದ್ದರೆ, ಈಗಲೇ ಹಾಕಿ.

ಇದೇ ಕಡ್ಡಿಯನ್ನು ಅಕ್ಟೋಬರಿನ ವಾರ್ಷಿಕ ತಪಾಸಣೆಯಲ್ಲಿ ನೂರು-ನೂರೈವತ್ತು ಡಾಲರಿಗೆ, ಮಿಕ್ಕೆಲ್ಲವನ್ನೂ ನೋಡುವಾಗಲೇ ಉಜ್ಜಿಕೊಡುತ್ತಾರೆ. ಮುಂದಿನ ವರ್ಷ ದಸರಾ ಹೊತ್ತಿಗೇ ಕರೆಸಿ.