ಕೊಬ್ಬರಿ ಇಲ್ಲದ ಕೊಬ್ಬರಿ ವಾಸನೆ

ಕಳೆದ ರಜೆಯಲ್ಲಿ ಊರಿಗೆ ಬಂದಿದ್ದಾಗ ಅಕ್ಕನ ಮಗ ನನ್ನನ್ನು ಹಿತ್ತಲಿಗೆ ಕರೆದು ಮೆಲ್ಲಗೆ ಕೇಳಿದ: "ಮಾಮ, ನೀವು ವೇಪ್ ಎಳೀತೀರಂತಲ್ಲ? ಅದು ಬರೀ ಆವಿ ಅಲ್ವಾ? ಸಿಗರೇಟಿನ ಹಾಗೆ ಎಂತದೂ ಆಗುವುದಿಲ್ಲ ಅಲ್ವಾ?" ಅವನಿಗೆ ಹದಿನೇಳು ವರ್ಷ. "ಆಮೇಲೆ ಹೇಳ್ತೇನೆ" ಎಂದು ಜಾರಿಕೊಂಡೆ. ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಗಲ್ಫಿನಿಂದ ಬರುವ ಮಾಮನ ಪೆಟ್ಟಿಗೆಗೆ ಕಾಯುವ ಹುಡುಗರು ನಮ್ಮ ಎಲ್ಲ ಮನೆಗಳಲ್ಲೂ ಇದ್ದಾರೆ.

ನಾನು ಶಾರ್ಜಾದಲ್ಲಿ ಚಿಲ್ಲರ್ ಮೇಂಟೆನೆನ್ಸ್ ಕೆಲಸದಲ್ಲಿದ್ದೇನೆ. ಆಗ ದಿನಕ್ಕೆ ಹನ್ನೆರಡು ಸಿಗರೇಟು ಸೇದುತ್ತಿದ್ದೆ. ರಂಜಾನಿನಲ್ಲಿ ಹಗಲಿಡೀ ಮುಟ್ಟುತ್ತಿರಲಿಲ್ಲ. ಮಗ್ರಿಬ್ ಬಾಂಗ್ ಆಗಿ, ಖರ್ಜೂರ ತಿಂದು ನೀರು ಕುಡಿದ ಕೂಡಲೇ ಕೈ ಜೇಬಿಗೆ ಹೋಗುತ್ತಿತ್ತು. ಹದಿನಾಲ್ಕು ಗಂಟೆ ಬಿಟ್ಟಿರಲು ಆಗುವವನಿಗೆ ಹದಿನೈದನೆಯ ಗಂಟೆ ಯಾಕೆ ಆಗುವುದಿಲ್ಲ ಎಂದು ನನಗೇ ನಾಚಿಕೆಯಾಗುತ್ತಿತ್ತು.

ಯುಎಇಯಲ್ಲಿ 2019ರಿಂದ ವೇಪ್ ಮಾರಾಟಕ್ಕೆ ಅನುಮತಿ ಇದೆ. ನನ್ನ ರೂಮಿನಲ್ಲಿದ್ದ ಫಿಲಿಪೈನ್ಸ್‌ನ ಗೆಳೆಯ ತನ್ನ ದ್ರವವನ್ನು ತಾನೇ ಬೆರೆಸಿಕೊಳ್ಳುತ್ತಿದ್ದ. ವೆಜಿಟೇಬಲ್ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಸ್ವಲ್ಪ ನಿಕೋಟಿನ್, ಮೇಲೆ ಕೆಲವು ಹನಿ ಫ್ಲೇವರ್. ಪ್ರೊಪಿಲೀನ್ ಗ್ಲೈಕಾಲ್ ನನಗೆ ಹೊಸದಲ್ಲ. ಆಹಾರ ತಯಾರಿಸುವ ಜಾಗದ ಚಿಲ್ಲರ್‌ಗಳಿಗೆ ವಿಷದ ಎಥಿಲೀನ್ ಗ್ಲೈಕಾಲ್ ಬದಲು ನಾವು ಅದನ್ನೇ ತುಂಬಿಸುವುದು. ಪರಿಚಯದ ಹೆಸರು ಕೇಳಿದ್ದೇ ಧೈರ್ಯ ಬಂತು. ಸಿಗರೇಟು ಬಿಡಲು ಇದೇ ದಾರಿ ಅಂದುಕೊಂಡೆ.

ಅವನು ರಜೆಯಿಂದ ಬರುವಾಗ 10 ಮಿಲಿಯ ಒಂದು ಕೊಬ್ಬರಿ ಫ್ಲೇವರ್ ಬಾಟಲಿ ತಂದಿದ್ದ. ಅವನೂ ತೆಂಗಿನ ನಾಡಿನವನು, ನಾನೂ ತೆಂಗಿನ ನಾಡಿನವನು. "ಇದು ಸರಿಯಾ ಅಲ್ಲವಾ, ನೀನೇ ಹೇಳು" ಎಂದ.

ಉಪ್ಪಳದ ಕಡೆ ನಮ್ಮದು ದಿನಸಿ ಅಂಗಡಿ, ಜೊತೆಗೆ ಕೊಬ್ಬರಿ ವ್ಯಾಪಾರ. ಚಿಕ್ಕವನಿದ್ದಾಗ ಶಾಲೆ ಬಿಟ್ಟ ಮೇಲೆ ಗೋಣಿಗಳ ನಡುವೆಯೇ ಕೂತಿರುತ್ತಿದ್ದೆ. ಚೆನ್ನಾಗಿ ಒಣಗಿದ ಕೊಬ್ಬರಿ, ಹೊಗೆ ಹಿಡಿದದ್ದು, ಬೂಸು ಬಂದದ್ದು, ಎಣ್ಣೆ ಕಮಟಾದದ್ದು, ಕಣ್ಣು ಮುಚ್ಚಿ ಹೇಳಬಲ್ಲೆ. ಹಾಗಾಗಿ ಈ ಪರೀಕ್ಷೆ ನನಗೇ ಸೇರಿದ್ದು ಅನ್ನಿಸಿತು.

ಡಿಪ್ಲೊಮಾ ಓದಿದವನಲ್ಲವೇ, ಕ್ರಮವಾಗಿಯೇ ಮಾಡಿದೆ. 0.01 ಗ್ರಾಂವರೆಗೆ ತೋರಿಸುವ ಸಣ್ಣ ತಕ್ಕಡಿ ತಂದೆ. 30 ಗ್ರಾಂನ ಮೂರು ಬಾಟಲಿ: ಒಂದರಲ್ಲಿ ಫ್ಲೇವರ್ ನೂರಕ್ಕೆ 2, ಒಂದರಲ್ಲಿ 4, ಒಂದರಲ್ಲಿ 6. ಒಂದು ವಾರ ಕಪಾಟಿನಲ್ಲಿಟ್ಟು, ಪ್ರತಿ ಬಾಟಲಿಗೂ ಹೊಸ ಹತ್ತಿ ಹಾಕಿ ನೋಡಿದೆ. ಎರಡು ಪರ್ಸೆಂಟಿನದು ಎಳನೀರು ಕುಡಿದು ಇಟ್ಟ ಲೋಟದ ಹಾಗೆ, ಇದೆಯೋ ಇಲ್ಲವೋ. ನಾಲ್ಕರದ್ದು ಆಗಷ್ಟೇ ತುರಿದ ಕಾಯಿ. ಆರರದ್ದು ಬಿಸಿಲಿಗೆ ಹಚ್ಚುವ ಲೋಷನ್. ಬಾಯಿಯೊಳಗೆ ಸಾಬೂನು ಇಟ್ಟ ಹಾಗೆ. ನಾಲ್ಕಕ್ಕೆ ಸ್ವಲ್ಪ ಕ್ರೀಮ್ ಫ್ಲೇವರ್ ಸೇರಿಸಿದಾಗ ಕಾಯಿಹಾಲಿನ ಪಾಯಸವೇ ಬಂತು. ಗೆಳೆಯ ನನ್ನ ಬೆನ್ನು ತಟ್ಟಿದ. ನೋಟ್‌ಬುಕ್ಕಿನಲ್ಲಿ ಹತ್ತಕ್ಕೆ ಎಂಟು ಅಂಕ ಬರೆದೆ.

ಸಿಗರೇಟು ನಿಂತಿತು, ಅದು ಸುಳ್ಳಲ್ಲ. ಆದರೆ ಸಿಗರೇಟಿಗೆ ಒಂದು ಕೊನೆ ಇರುತ್ತದೆ. ಉರಿದು ಮುಗಿಯುತ್ತದೆ, ಸೇದಲು ಹೊರಗೆ ಹೋಗಬೇಕು. ಪಾಯಸಕ್ಕೆ ಕೊನೆಯೇ ಇರಲಿಲ್ಲ. ಹಾಸಿಗೆಯಲ್ಲಿ, ಬಾತ್‌ರೂಮಿನಲ್ಲಿ, ಉಮ್ಮನ ಜೊತೆ ಫೋನಿನಲ್ಲಿ ಮಾತಾಡುವಾಗಲೂ ಎಳೆಯುತ್ತಿದ್ದೆ. ಬೆಳಿಗ್ಗೆ ಕೆಮ್ಮು ಶುರುವಾಯಿತು. "ಎಂತ ಮೋನೇ, ಶೀತವಾ?" ಎಂದು ಉಮ್ಮ ಕೇಳಿದರೆ ಎಸಿ ಎನ್ನುತ್ತಿದ್ದೆ.

ನಮ್ಮ ಕೆಲಸದಲ್ಲಿ ಯಾವ ರಾಸಾಯನಿಕ ಬಂದರೂ ಮೊದಲು ಅದರ ಸೇಫ್ಟಿ ಡೇಟಾ ಶೀಟ್ ಓದಿ ಸಹಿ ಹಾಕಬೇಕು. ಹದಿನಾರು ಭಾಗಗಳ ಕಾಗದ ಅದು. ಚಿಲ್ಲರ್‌ಗೆ ಹಾಕುವ ನೀರಿಗೂ ಕಾಗದ ಕೇಳುವ ನಾನು, ನನ್ನ ಎದೆಯೊಳಗೆ ಹಾಕುವುದಕ್ಕೆ ಕೇಳಿರಲಿಲ್ಲ. ಒಂದು ರಾತ್ರಿ ಹುಡುಕಿ ತೆಗೆದೆ. ಮೂರನೆಯ ಭಾಗ, ಒಳಗೇನಿದೆ ಎಂಬುದು: ಒಂದೆರಡು ಹೆಸರು, ಉಳಿದದ್ದು ವ್ಯಾಪಾರ ರಹಸ್ಯ. ಹನ್ನೊಂದನೆಯ ಭಾಗ, ಉಸಿರಿನಲ್ಲಿ ಒಳಗೆ ಹೋದರೆ ಏನಾಗುತ್ತದೆ ಎಂಬುದು: ಮಾಹಿತಿ ಲಭ್ಯವಿಲ್ಲ.

ಆ ರಾತ್ರಿ ತುಂಬಾ ಓದಿದೆ. ಕೊಬ್ಬರಿ ವಾಸನೆ ಕೊಡಲು ಸಾಮಾನ್ಯವಾಗಿ ಹಾಕುವುದು ಗಾಮಾ ನೊನಾಲ್ಯಾಕ್ಟೋನ್ ಎಂಬ ಪದಾರ್ಥ. ಐಸ್‌ಕ್ರೀಮಿಗೆ, ಬಿಸ್ಕತ್ತಿಗೆ ಹಾಕಲು ಅಡ್ಡಿಯಿಲ್ಲ. ಬಾಟಲಿಯ ಮೇಲಿನ 'ಫುಡ್ ಗ್ರೇಡ್' ಎಂಬ ಮಾತು ಹೊಟ್ಟೆಗೆ ಸಂಬಂಧಿಸಿದ್ದು, ಶ್ವಾಸಕೋಶಕ್ಕಲ್ಲ. ಕ್ರೀಮ್, ಬೆಣ್ಣೆ ಫ್ಲೇವರ್‌ಗಳ ಕಥೆ ಇನ್ನೂ ಕೆಟ್ಟದು. ಬೆಣ್ಣೆ ವಾಸನೆ ಕೊಡುವ ಡಯಾಸಿಟೈಲ್ ತಿನ್ನುವವರಿಗೆ ಏನೂ ಮಾಡಲಿಲ್ಲ. ಆದರೆ ಅಮೆರಿಕದ ಮಿಸೌರಿಯ ಒಂದು ಪಾಪ್‌ಕಾರ್ನ್ ಕಾರ್ಖಾನೆಯಲ್ಲಿ ಅದರ ಆವಿ ಕುಡಿದ ಕೆಲಸಗಾರರಿಗೆ ಶ್ವಾಸಕೋಶದ ಸಣ್ಣ ನಾಳಗಳು ಗಾಯವಾಗಿ ಮುಚ್ಚಿಹೋಗುವ ಕಾಯಿಲೆ ಬಂದದ್ದು 2000ದಲ್ಲಿ ಬೆಳಕಿಗೆ ಬಂತು. ಅದು ವಾಸಿಯಾಗುವ ಕಾಯಿಲೆಯಲ್ಲ. 2015ರಲ್ಲಿ ಹಾರ್ವರ್ಡ್‌ನವರು 51 ಬಗೆಯ ವೇಪ್ ಫ್ಲೇವರ್ ಪರೀಕ್ಷಿಸಿದಾಗ 39ರಲ್ಲಿ ಡಯಾಸಿಟೈಲ್ ಸಿಕ್ಕಿತ್ತು. ನನ್ನ ಬಾಟಲಿಯಲ್ಲಿ ಇತ್ತೋ ಇಲ್ಲವೋ, ಆ ಕಾಗದ ಹೇಳಲಿಲ್ಲ.

ರಜೆಗೆ ಬರುವಾಗ ವೇಪ್ ಸಾಧನವನ್ನು ಶಾರ್ಜಾದಲ್ಲೇ ಬಿಟ್ಟೆ. ಭಾರತದಲ್ಲಿ 2019ರ ಕಾಯ್ದೆಯ ಪ್ರಕಾರ ತರುವುದು, ಮಾರುವುದು, ದಾಸ್ತಾನು ಇಡುವುದು ಎಲ್ಲವೂ ಅಪರಾಧ. ಕೊಬ್ಬರಿ ಫ್ಲೇವರ್‌ನ ಸಣ್ಣ ಬಾಟಲಿ ಮಾತ್ರ ಬ್ಯಾಗಿನಲ್ಲಿ ಬಂತು. ಉಪ್ಪನಿಗೆ ತೋರಿಸಬೇಕೆಂಬ ಆಸೆ.

ಅಂಗಡಿಯಲ್ಲಿ ಕಾಗದದ ಚೂರಿಗೆ ಒಂದು ಹನಿ ಹಾಕಿ ಉಪ್ಪನ ಮೂಗಿನ ಹತ್ತಿರ ಹಿಡಿದೆ. ಉಪ್ಪ ಎರಡು ಸಲ ಮೂಸಿದರು.

"ವಾಸನೆ ಸರಿ ಇದೆ. ಕೊಬ್ಬರಿ ಎಲ್ಲಿದೆ?"

"ಕೊಬ್ಬರಿ ಇಲ್ಲ ಉಪ್ಪ, ವಾಸನೆ ಮಾತ್ರ."

"ತಿನ್ನಲಿಕ್ಕಾ?"

ನಾನು ಸುಮ್ಮನಾದೆ. ಆಮೇಲೆ ನಿಜ ಹೇಳಿದೆ. ಉಪ್ಪ ಬೈಯಲಿಲ್ಲ. ಗೋಣಿಯಿಂದ ಒಂದು ಕೊಬ್ಬರಿ ತೆಗೆದು ಮುರಿದು, ಒಳಭಾಗ ನನ್ನ ಕಡೆ ತಿರುಗಿಸಿದರು. ಹೊರಗೆ ಬೆಳ್ಳಗಿದ್ದ ಹೋಳಿನ ನಡುವೆ ಹಸಿ ಇತ್ತು. "ನಾನು ಮುರಿದು ನೋಡದೆ ತೂಕಕ್ಕೆ ಹಾಕುವುದಿಲ್ಲ. ನಿನ್ನದನ್ನು ಮುರಿದು ನೋಡಲಿಕ್ಕೆ ಆಗ್ತದಾ?" ಎಂದರು. ಅಷ್ಟರಲ್ಲಿ ಗಿರಾಕಿ ಬಂದರು.

ತಿರುಗಿ ಹೋದ ಮೇಲೆ ಮೊದಲು ಕ್ರೀಮ್ ನಿಲ್ಲಿಸಿದೆ, ಆಮೇಲೆ ಕೊಬ್ಬರಿ. ರುಚಿ ಹೋದ ಮೇಲೆ ಉಳಿದದ್ದು ನಿಕೋಟಿನ್ ಒಂದೇ ಎಂದು ಗೊತ್ತಾಯಿತು. ಅದನ್ನು ಕಡಿಮೆ ಮಾಡುತ್ತಾ ಬಂದು ಬಿಟ್ಟು ಏಳು ತಿಂಗಳಾಯಿತು. ಸುಲಭವಾಗಲಿಲ್ಲ. ಮೊದಲ ಎರಡು ವಾರ ಗೆಳೆಯನ ಮೇಲೆ ಸುಮ್ಮನೆ ರೇಗುತ್ತಿದ್ದೆ. ಕೆಮ್ಮು ಈಗ ಇಲ್ಲ.

ಮೋನೇ, ಈಗ ನಿನ್ನ ಪ್ರಶ್ನೆಗೆ ಉತ್ತರ. ಅದು ಬರೀ ಆವಿ ಅಲ್ಲ. ಸಿಗರೇಟಿನಷ್ಟು ಕೆಟ್ಟದಲ್ಲ ಎನ್ನುವವರಿದ್ದಾರೆ. ಅದು ಸಿಗರೇಟು ಸೇದುವವನ ಲೆಕ್ಕ, ಏನೂ ಸೇದದ ನಿನ್ನ ಲೆಕ್ಕವಲ್ಲ. ಯಾರೋ ಹೇಳಿದರೆಂದು ಅಡುಗೆಮನೆಯ ಎಸೆನ್ಸನ್ನೋ ತೆಂಗಿನೆಣ್ಣೆಯನ್ನೋ ಅದಕ್ಕೆ ಹಾಕಬೇಡ. ಎಣ್ಣೆ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾವೇ ಬರಬಹುದು. ಹತ್ತಕ್ಕೆ ಎಂಟು ಅಂಕ ಕೊಟ್ಟವನು ನಾನೇ. ನಾನು ಅಂಕ ಕೊಟ್ಟದ್ದು ನಾಲಿಗೆಗೆ. ಅದು ಹೋಗುತ್ತಿದ್ದದ್ದು ಎದೆಗೆ.

ಮುಂದಿನ ರಜೆಯಲ್ಲಿ ಪೆಟ್ಟಿಗೆಯಲ್ಲಿ ನಿನಗೆ ಬೂಟು ಇರುತ್ತದೆ. ನಂಬರ್ ಕಳಿಸು.